ಬೆನ್ನ ಮೇಲೆ 11: ಎರಡು ವರ್ಷ ಹಾಕಿ, ಒಗೆದು, ಮಳೆಯಲ್ಲಿ ನೆನೆಸಿ ಬರೆದ ಜೆರ್ಸಿ ರಿವ್ಯೂ

ಜೆರ್ಸಿ ಕೈಗೆ ಬಂದ ದಿನವೇ ರಿವ್ಯೂ ಬರೆಯುವವರು ಜಾಸ್ತಿ. ಬಟ್ಟೆ ಮೆತ್ತಗಿದೆ, ಬಣ್ಣ ಚೆನ್ನಾಗಿದೆ, ಐದಕ್ಕೆ ಐದು ಸ್ಟಾರ್. ಇನ್ನೂ ಒಂದು ಸಲ ಒಗೆದೂ ಇರುವುದಿಲ್ಲ. ಜೆರ್ಸಿಯ ಬಂಡವಾಳ ಗೊತ್ತಾಗುವುದು ಬೆವರಿದ ಮೇಲೆ, ಒಗೆದು ಒಣಗಿಸಿದ ಮೇಲೆ, ಮಳೆಯಲ್ಲಿ ನೆಂದ ಮೇಲೆ, ತಂಡ ಸೋತ ರಾತ್ರಿ ಅದನ್ನೇ ಹಾಕಿಕೊಂಡು ಮಲಗಿದ ಮೇಲೆ. ನನ್ನ ಹತ್ತಿರ ಇರುವುದು ಭಾರತ ಫುಟ್‌ಬಾಲ್ ತಂಡದ ನೀಲಿ ಜೆರ್ಸಿ. ಬೆನ್ನ ಮೇಲೆ 11, ಅದರ ಮೇಲೆ ಆಗ ತಂಡದ ಕ್ಯಾಪ್ಟನ್ ಆಗಿದ್ದ ಸುನಿಲ್ ಚೆಟ್ರಿ ಹೆಸರು. 2023ರ ಜೂನ್‌ನಲ್ಲಿ ತಗೊಂಡೆ. ಎರಡು ವರ್ಷ ದಾಟಿದೆ, ಇನ್ನು ಬರೆಯಬಹುದು.

ಕಂಪನಿ ಹೆಸರು ಬರೆಯುವುದಿಲ್ಲ. ಭಾರತ ತಂಡಕ್ಕೆ ಜೆರ್ಸಿ ಮಾಡಿಕೊಡುವವರು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತಾರೆ. ಯಾರು ಮಾಡಿದ್ದೇ ಆಗಲಿ, ತಗೊಳ್ಳುವಾಗ ನೋಡಬೇಕಾದ ಜಾಗ ಅವೇ: ಬಟ್ಟೆ, ಹೊಲಿಗೆ, ಎದೆಯ ಮೇಲಿನ ಲಾಂಛನ, ಬೆನ್ನಿನ ಪ್ರಿಂಟ್. ನನಗೆ ಮುಖ್ಯ ಆ ಕೊನೆಯದು. ಬರೀ ನೀಲಿ ಬಟ್ಟೆ ಎಲ್ಲಿ ಬೇಕಾದರೂ ಸಿಗುತ್ತೆ, ನಾನು ದುಡ್ಡು ಕೊಟ್ಟಿದ್ದು ಆ ಹೆಸರಿಗೆ, ಆ ನಂಬರಿಗೆ. ಅದು ನಿಲ್ಲದಿದ್ದರೆ ಮಿಕ್ಕಿದ್ದು ಎಷ್ಟು ಚೆನ್ನಾಗಿದ್ದು ಏನು ಬಂತು?

ಮೊದಲು ಹಳೇ ಜೆರ್ಸಿಯ ಕಥೆ ಹೇಳಬೇಕು, ಇಲ್ಲದಿದ್ದರೆ ಹೊಸದರ ಬೆಲೆ ತಿಳಿಯುವುದಿಲ್ಲ. 2018ರ ಜೂನ್. ನಾನು ಪಿಯುಸಿಯಲ್ಲಿದ್ದೆ. ಮುಂಬೈನಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ನಡೀತಿತ್ತು. ಜೂನ್ 1ರಂದು ಭಾರತ ಚೈನೀಸ್ ತೈಪೆ ಮೇಲೆ 5-0 ಗೆದ್ದಿತು, ಚೆಟ್ರಿ ಅವರದ್ದು ಹ್ಯಾಟ್ರಿಕ್, ಅಂದರೆ ಒಬ್ಬರೇ ಮೂರು ಗೋಲು. ಅಷ್ಟು ದೊಡ್ಡ ಗೆಲುವು ನೋಡಲು ಬಂದವರು 2,569 ಜನ. ಮಾರನೇ ದಿನ ಅವರು ಒಂದು ವಿಡಿಯೊ ಹಾಕಿದರು. ನಮ್ಮನ್ನು ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬಂದು ಮಾಡಿ ಅಂತ ಕೇಳಿಕೊಂಡರು. ಐದು ಗೋಲು ಹೊಡೆದು ಗೆದ್ದ ತಂಡದ ಕ್ಯಾಪ್ಟನ್, ಬನ್ನಿ ಬನ್ನಿ ಅಂತ ಜನರನ್ನು ಬೇಡುತ್ತಿದ್ದಾರೆ. ನಾನು ಆ ವಿಡಿಯೊ ಅವತ್ತು ಎಷ್ಟು ಸಲ ನೋಡಿದೆನೋ, ಪ್ರತಿ ಸಲವೂ ಗಂಟಲು ಕಟ್ಟಿಕೊಂಡು ಬರ್ತಿತ್ತು. ಜೂನ್ 4ಕ್ಕೆ ಕೀನ್ಯಾ ಮೇಲೆ ಆಟ, ಅವರ ನೂರನೇ ಅಂತರರಾಷ್ಟ್ರೀಯ ಪಂದ್ಯ. ಟಿಕೆಟ್ ಎಲ್ಲ ಖಾಲಿ, ಮಳೆ ಸುರೀತಿದೆ, ಸ್ಟೇಡಿಯಂ ತುಂಬಾ ಜನ. 3-0, ಅದರಲ್ಲಿ ಎರಡು ಗೋಲು ಅವರದ್ದೇ. ನಾನು ಮನೆಯಲ್ಲಿ ಟಿವಿ ಮುಂದೆ ಕೂತು ಚಪ್ಪಾಳೆ ಹೊಡೆಯುತ್ತಿದ್ದೆ. ಇವರು ಇನ್ನೊಂದು ಸಲ ಕರೆದರೆ ಹೋಗದೆ ಇರಬಾರದು ಅಂತ ಅವತ್ತೇ ತೀರ್ಮಾನ ಮಾಡಿದ್ದೆ.

ಮುಂದಿನ ವಾರ ಅಣ್ಣ ನನಗೊಂದು ಜೆರ್ಸಿ ತಂದುಕೊಟ್ಟ. ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುತ್ತಾರಲ್ಲ, ಅಂಥದ್ದು. 300 ರೂಪಾಯಿ. ಹೆಸರು, ನಂಬರ್ ಹಾಕಿಸಿಕೊಂಡು ಬಂದಿದ್ದ. ಇಂಗ್ಲಿಷಿನಲ್ಲಿ ಅವರ ಹೆಸರಿಗೆ ಏಳು ಅಕ್ಷರ, ಸಿ ಆದಮೇಲೆ ಎರಡು ಎಚ್ ಬರಬೇಕು. ಅದರಲ್ಲಿ ಒಂದೇ ಎಚ್ ಇತ್ತು. ಅಣ್ಣನ ಮೊದಲ ಸಂಬಳದ ತಿಂಗಳು ಅದು, ಅವನಿಗೆ ಹೇಳಲು ಮನಸ್ಸು ಬರಲಿಲ್ಲ. ಬಟ್ಟೆ ಮಾತ್ರ ಕೊಡೆ ಬಟ್ಟೆ ಥರ. ಹಾಕಿಕೊಂಡು ಹತ್ತು ನಿಮಿಷಕ್ಕೆ ಬೆನ್ನು ಅಂಟಂಟು. ಆದರೂ ಭಾರತದ ಒಂದು ಆಟವನ್ನೂ ಅದಿಲ್ಲದೆ ನೋಡಲಿಲ್ಲ. 2019ರ ಜನವರಿಯಲ್ಲಿ ಅಬುಧಾಬಿಯಲ್ಲಿ ಏಷ್ಯನ್ ಕಪ್, ಥಾಯ್ಲೆಂಡ್ ಮೇಲೆ 4-1, ಚೆಟ್ರಿ ಎರಡು ಗೋಲು. ಆ ಸಂಜೆ ಮನೆಯಲ್ಲಿ ಇದೇ ಜೆರ್ಸಿ ಹಾಕಿಕೊಂಡು ಕುಣಿದಿದ್ದೆ.

ಅದು ಹೋಗಿದ್ದು ಇಸ್ತ್ರಿ ಪೆಟ್ಟಿಗೆಯಿಂದ. ಒಂದು ದಿನ ಅಮ್ಮ ಮನೆಯ ಬಟ್ಟೆಗಳ ಜೊತೆ ಅದಕ್ಕೂ ಇಸ್ತ್ರಿ ಮಾಡಲು ಹೋಗಿದ್ದಾರೆ. ಬಿಸಿ ಪೆಟ್ಟಿಗೆ ಎತ್ತಿದಾಗ ಎರಡರಲ್ಲಿ ಒಂದು ‘1’ ಪೆಟ್ಟಿಗೆಗೆ ಅಂಟಿಕೊಂಡು ಮೇಲೆ ಬಂತು. ಅರ್ಧ ಅಲ್ಲಿ, ಅರ್ಧ ಬಟ್ಟೆಯ ಮೇಲೆ, ನಡುವೆ ಬಿಳಿ ಎಳೆ ಎಳೆ. ‘ಅಯ್ಯೋ, ಇದು ಅಂಟಿಸಿದ್ದಾ? ಹೊಲಿದಿದ್ದಾರೆ ಅಂದ್ಕೊಂಡೆ ಕಣೇ’ ಅಂತ ಅಮ್ಮ ಅಲ್ಲೇ ನಿಂತುಬಿಟ್ಟರು. ಪಾಪ, ಅವರ ಮುಖ ನೋಡಿದ ಮೇಲೆ ನಾನೇನು ಹೇಳಲಿ. ಆ ಜೆರ್ಸಿ ಈಗಲೂ ಬೀರುವಿನಲ್ಲಿದೆ, ಒಂಟಿ ‘1’ ಇಟ್ಟುಕೊಂಡು.

ಹಾಗಾಗಿ ಹೊಸದು ತಗೊಳ್ಳುವಾಗ ನಾನು ಮೊದಲು ನೋಡಿದ್ದೇ ಬೆನ್ನು. 2023ರ ಜೂನ್, ಜುಲೈನಲ್ಲಿ ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿ ಸ್ಯಾಫ್ ಚಾಂಪಿಯನ್‌ಷಿಪ್ ನಮ್ಮ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಅಂತ ಗೊತ್ತಾದ ಕೂಡಲೇ ಮೊದಲು ಟಿಕೆಟ್, ಆಮೇಲೆ ಜೆರ್ಸಿ. ಅಂಗಡಿಯಲ್ಲಿ ಕೇಳಿದೆ. ಮೆಸ್ಸಿ 10 ಇದೆ, ರೊನಾಲ್ಡೊ 7 ಇದೆ, ಭಾರತದ್ದು ಅಂದರೆ ಕ್ರಿಕೆಟ್ ಜೆರ್ಸಿ ತೆಗೆದು ತೋರಿಸುತ್ತಾರೆ. ಫುಟ್‌ಬಾಲ್ ತಂಡದ್ದು ಅಂದರೆ ‘ಅದು ಯಾರೂ ಕೇಳಲ್ಲ ಮೇಡಂ’. ಇದು ನನಗೆ ನಿಜವಾಗಲೂ ಬೇಜಾರಾಗುವ ವಿಷಯ. ದೇಶಗಳ ನಡುವಿನ ಗಂಡಸರ ಪಂದ್ಯಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿ ತೆಗೆದರೆ ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ, ಆಮೇಲೆ ನಮ್ಮವರೇ. ಅಂಥವರು ಅವತ್ತಿಗೆ ಹತ್ತು ವರ್ಷದಿಂದ ನಮ್ಮ ಊರಿನ ಕ್ಲಬ್ ಬೆಂಗಳೂರು ಎಫ್‌ಸಿಯಲ್ಲಿ ಆಡ್ತಿದ್ದರು. ಆ ಊರಿನ ಅಂಗಡಿಯಲ್ಲೇ ಅವರ ಜೆರ್ಸಿ ಇಲ್ಲ ಅಂದರೆ ಹೇಗೆ? ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿಕೊಂಡೆ.

ಈಗ ಬಟ್ಟೆಯ ವಿಷಯ. ಜೆರ್ಸಿಯಲ್ಲಿ ಸಾಮಾನ್ಯವಾಗಿ ಎರಡು ಬಗೆ ಇರುತ್ತೆ, ಪ್ಲೇಯರ್ ವರ್ಷನ್ ಮತ್ತು ಫ್ಯಾನ್ ವರ್ಷನ್. ಪ್ಲೇಯರ್ ವರ್ಷನ್ ಮೈಗೆ ಅಂಟಿಕೊಂಡಂತೆ ಇರುತ್ತೆ, ತೂಕ ಕಡಿಮೆ, ಲಾಂಛನ ಬಿಸಿಯಲ್ಲಿ ಒತ್ತಿ ಅಂಟಿಸಿರುತ್ತಾರೆ. ಫ್ಯಾನ್ ವರ್ಷನ್ ಸ್ವಲ್ಪ ಸಡಿಲ, ಬಟ್ಟೆ ತುಸು ದಪ್ಪ, ಲಾಂಛನವನ್ನು ದಾರದಲ್ಲಿ ಕಸೂತಿ ಮಾಡಿರುತ್ತಾರೆ. ದುಬಾರಿಯದೇ ಒಳ್ಳೆಯದು ಅಂತ ಪ್ಲೇಯರ್ ವರ್ಷನ್ ಹಿಂದೆ ಬೀಳಬೇಡಿ. ಅದು ತೊಂಬತ್ತು ನಿಮಿಷ ಓಡುವವರಿಗೆ ಮಾಡಿದ್ದು. ಗ್ಯಾಲರಿಯಲ್ಲಿ ಕೂಗುವವರಿಗೆ, ವಾರಕ್ಕೆ ಎರಡು ಸಲ ಒಗೆಯುವವರಿಗೆ ಫ್ಯಾನ್ ವರ್ಷನ್ನೇ ಬಾಳಿಕೆ ಬರುವುದು. ನನ್ನದು ಅದೇ. ಎದೆಯ ಲಾಂಛನದ ಒಂದು ದಾರವೂ ಇವತ್ತಿನವರೆಗೆ ಎದ್ದಿಲ್ಲ. ಒಳಗಡೆ ಕಸೂತಿಯ ಗಂಟು ಮೈಗೆ ಚುಚ್ಚದಿರಲಿ ಅಂತ ತೆಳು ಪದರ ಅಂಟಿಸಿದ್ದಾರೆ, ಅದೂ ಹಾಗೇ ಇದೆ. ಕಂಕುಳ ಕೆಳಗೆ ತೂತು ತೂತು ಬಟ್ಟೆ, ಗಾಳಿ ಆಡುತ್ತೆ. ಹೊಲಿಗೆ ಭುಜದ ಹತ್ತಿರ ಎರಡು ಸಾಲು. ಒಂದು ಕಡೆ ಮಾತ್ರ, ಎಡಗೈ ತೋಳಿನ ಅಂಚಿನಲ್ಲಿ, ದಾರ ಬಿಚ್ಚಿಕೊಂಡಿತ್ತು. ನಾನೇ ನಾಲ್ಕು ಹೊಲಿಗೆ ಹಾಕಿದೆ, ಸರಿಹೋಯಿತು.

ಅಳತೆಯ ಬಗ್ಗೆ ಹೆಂಗಸರಿಗೆ ಒಂದು ಮಾತು. ನಮ್ಮ ಅಳತೆಯಲ್ಲಿ 11 ನಂಬರಿನದು ನನಗೆ ಸಿಗಲೇ ಇಲ್ಲ. ಗಂಡಸರ ಸ್ಮಾಲ್ ತಗೊಂಡೆ. ಭುಜ ಸರಿಯಾಗಿದೆ, ಸೊಂಟದ ಹತ್ತಿರ ಸ್ವಲ್ಪ ಬಿಗಿ, ಉದ್ದ ಜಾಸ್ತಿ. ಮೀಡಿಯಂ ತಗೊಂಡರೆ ಭುಜ ಕೆಳಗೆ ಇಳಿಯುತ್ತೆ, ಬೆನ್ನಿನ ನಂಬರ್ ಮಡಿಕೆ ಬೀಳುತ್ತೆ. ನನ್ನ ಪ್ರಕಾರ ಸ್ಮಾಲೇ ಸರಿ. ಹೆಣ್ಣುಮಕ್ಕಳು ಗ್ಯಾಲರಿಯಲ್ಲಿ ಎಷ್ಟು ಜನ ಇರುತ್ತೇವೆ ಅಂತ ಜೆರ್ಸಿ ಮಾಡುವವರು ಒಂದು ಸಲ ಬಂದು ಎಣಿಸಿದ್ದರೆ ನಮಗೂ ಅಂತ ಒಂದು ಅಳತೆ ಮಾಡುತ್ತಿದ್ದರು.

ಇನ್ನೊಂದು, ಕೂದಲು ಎತ್ತಿ ಕಟ್ಟಿಕೊಳ್ಳಿ. ಮೊದಲ ದಿನ ಕೂದಲು ಬಿಟ್ಟುಕೊಂಡು ಮೆಟ್ರೊದಲ್ಲಿ ಹೋಗ್ತಿದ್ದೆ. ಹಿಂದೆ ನಿಂತಿದ್ದ ಒಬ್ಬರು ಅಂಕಲ್ ‘ಶಮಿ ಜೆರ್ಸಿನಾಮ್ಮಾ?’ ಅಂದರು. ಕ್ರಿಕೆಟ್‌ನಲ್ಲಿ ಮೊಹಮ್ಮದ್ ಶಮಿ ನಂಬರೂ 11, ಬಣ್ಣವೂ ನೀಲಿ, ಹೆಸರು ನನ್ನ ಕೂದಲ ಕೆಳಗೆ ಮುಚ್ಚಿಹೋಗಿತ್ತು. ಅವರದ್ದೇನೂ ತಪ್ಪಿಲ್ಲ. ನಾನು ಕೂದಲನ್ನು ಪಕ್ಕಕ್ಕೆ ಸರಿಸಿ ತೋರಿಸಿದೆ. ‘ಓ, ಚೆಟ್ರಿ! ಇವತ್ತು ಪಾಕಿಸ್ತಾನದ ಮೇಲೆ ಅಲ್ವಾ?’ ಅಂದರು. ಗೊತ್ತಿತ್ತು ಅವರಿಗೆ! ಕಬ್ಬನ್ ಪಾರ್ಕ್ ಸ್ಟೇಷನ್ ಬರುವವರೆಗೂ ಮಾತಾಡಿದೆವು. ಅವತ್ತಿನಿಂದ ಮ್ಯಾಚಿಗೆ ಹೋಗುವಾಗ ಜಡೆ ಸುತ್ತಿ ಮೇಲೆ ಕಟ್ಟುತ್ತೇನೆ.

ಅದು 2023ರ ಜೂನ್ 21. ಜೆರ್ಸಿಗೆ ಮೊದಲ ಪರೀಕ್ಷೆಯೂ ಅವತ್ತೇ. ಮಳೆ ಅಂದರೆ ಮಳೆ. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಆಟಗಾರರು ಸ್ವಲ್ಪ ದೂರ ಕಾಣುತ್ತಾರೆ, ಮಳೆ ಜೋರಾದರೆ ಇನ್ನೂ ಮಸುಕು. ಆದರೆ 11 ಕಾಣುತ್ತೆ. ಹತ್ತನೇ ನಿಮಿಷ. ಪಾಕಿಸ್ತಾನದ ಗೋಲ್‌ಕೀಪರ್ ಕಾಲಿಗೆ ಬಂದ ಚೆಂಡನ್ನು ಸರಿಯಾಗಿ ಹಿಡಿತಕ್ಕೆ ತಗೊಳ್ಳಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಹೊತ್ತಿಗೆ ಹಿಂದಕ್ಕೆ ತಿರುಗಿ ನಡೆದಿರುತ್ತಿದ್ದರು. ಇವರು ಅಲ್ಲಿಗೆ ಓಡಿ ಬಂದಿದ್ದಾರೆ, 38 ವರ್ಷದ ಮನುಷ್ಯ, ಸುಮ್ನೆ ಹೋಗುವ ಚೆಂಡಿನ ಹಿಂದೆ! ಖಾಲಿ ಗೋಲಿಗೆ ತಳ್ಳಿದರು. ಆಮೇಲೆ ಎರಡು ಪೆನಾಲ್ಟಿ, ಹ್ಯಾಟ್ರಿಕ್. ಉದಾಂತ ಸಿಂಗ್ ಕೊನೆಯಲ್ಲಿ ನಾಲ್ಕನೆಯದು ಹೊಡೆದರು. 4-0. ನಾನು ಆ ಮೊದಲ ಗೋಲನ್ನು ಮಿಕ್ಕ ಎರಡಕ್ಕಿಂತ ಜಾಸ್ತಿ ಇಷ್ಟಪಡುತ್ತೇನೆ. ಯಾರೂ ಓಡದ ಚೆಂಡಿಗೆ ಓಡುವುದು, ಅದೇ ನನಗೆ ಚೆಟ್ರಿ.

ಜೆರ್ಸಿ ಪೂರ್ತಿ ನೆಂದಿತ್ತು. ನೆಂದರೂ ಭಾರ ಆಗಲಿಲ್ಲ, ಜೋತುಬೀಳಲಿಲ್ಲ. ಇದು ನಾನು ಗಮನ ಇಟ್ಟು ನೋಡಿದ್ದು. ಕಾಟನ್ ಟಿ ಶರ್ಟ್ ಆಗಿದ್ದರೆ ಮೊಣಕಾಲಿಗೆ ಬರುತ್ತಿತ್ತು. ಪಾಲಿಯೆಸ್ಟರ್ ನೂಲು ನೀರು ಕುಡಿಯುವುದು ಬಹಳ ಕಡಿಮೆ, ಎಳೆಗಳ ನಡುವೆ ಹರಡಿಕೊಂಡು ಬೇಗ ಆರಿಹೋಗುತ್ತೆ. ಮಳೆ ನಿಂತ ಮೇಲೆ ಮನೆ ಸೇರುವಷ್ಟರಲ್ಲಿ ಮುಂಭಾಗ ಬಹುತೇಕ ಒಣಗಿತ್ತು. ಬೆನ್ನು ಮಾತ್ರ ಇಲ್ಲ, ಯಾಕೆಂದರೆ ನಂಬರ್ ಇರುವ ಜಾಗದಲ್ಲಿ ಪ್ಲಾಸ್ಟಿಕ್ ಪದರ, ಅದರ ಕೆಳಗೆ ಗಾಳಿ ಆಡುವುದಿಲ್ಲ. ಬೇಸಿಗೆಯಲ್ಲಿ ಹಾಕಿಕೊಂಡರೂ ಬೆನ್ನ ಮೇಲೆ ಸರಿಯಾಗಿ 11 ಆಕಾರದಲ್ಲೇ ಬೆವರು ನಿಲ್ಲುತ್ತೆ. ಕೆಲವರು ಇದನ್ನು ದೊಡ್ಡ ದೋಷ ಅಂತ ಬರೆದಿದ್ದಾರೆ. ನನಗೆ ಹಾಗನ್ನಿಸಿಲ್ಲ.

ಬಣ್ಣ ಇಳಿದಿಲ್ಲ. ಬಿಳಿ ಬಟ್ಟೆ ಜೊತೆ ಹಾಕಿ ನೋಡಿದ್ದೇನೆ, ಬಿಡಲಿಲ್ಲ. ಮುಗೀತು.

ಒಂದು ಕಲೆ ಇದೆ. ಜುಲೈ 4ರ ಫೈನಲ್‌ನದು. ಕುವೈತ್ ಮೊದಲು ಗೋಲು ಹೊಡೆಯಿತು, ನಮ್ಮ ಚಾಂಗ್ಟೆ ಸಮ ಮಾಡಿದರು, ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿಗೆ ಹೋಯಿತು. ಅಷ್ಟು ಜನ ಒಟ್ಟಿಗೆ ವಂದೇ ಮಾತರಂ ಹಾಡಿದ್ದು ಅದೇ ರಾತ್ರಿ. ಎರಡೂ ಕಡೆ ಐದೈದು ಒದ್ದ ಮೇಲೂ ಸಮ. ನಮ್ಮ ಮಹೇಶ್ ಸಿಂಗ್ ಗೋಲು ಹೊಡೆದರು, ಗೋಲ್‌ಕೀಪರ್ ಗುರುಪ್ರೀತ್ ಹಾರಿ ತಡೆದರು, 5-4. ನನ್ನ ಪಕ್ಕದಲ್ಲಿದ್ದವಳ ಹೆಸರೂ ನನಗೆ ಗೊತ್ತಿಲ್ಲ, ಕೆನ್ನೆಗೆ ತ್ರಿವರ್ಣ ಬಳಿದುಕೊಂಡಿದ್ದಳು, ಗುರುಪ್ರೀತ್ ಕೈಗೆ ಚೆಂಡು ತಾಗಿದ ಕ್ಷಣಕ್ಕೆ ನನ್ನನ್ನು ಬಾಚಿ ತಬ್ಬಿಕೊಂಡಳು, ಇಬ್ಬರೂ ಅಳ್ತಾ ಇದ್ದೆವು. ಮನೆಗೆ ಬಂದು ನೋಡಿದರೆ ಎಡ ಭುಜದ ಮೇಲೆ ಕೇಸರಿ ಬಣ್ಣ, ಅದರ ಅಂಚಿನಲ್ಲಿ ಸ್ವಲ್ಪ ಬಿಳಿ. ಅಮ್ಮ ನಿಂಬೆಹಣ್ಣು ಹಚ್ಚಿ ಉಜ್ಜಿ ಕೊಡ್ತೀನಿ ಅಂದರು. ಬೇಡ ಅಂದೆ. ಈ ಬಟ್ಟೆಯಿಂದ ಫೇಸ್ ಪೇಂಟ್ ಹೋಗುತ್ತಾ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ, ಮಾಮೂಲಿ ಒಗೆತಕ್ಕೆ ಹೋಗಲ್ಲ, ಅದಕ್ಕಿಂತ ಜಾಸ್ತಿ ನಾನು ಪ್ರಯತ್ನ ಮಾಡಿಲ್ಲ.

ಇನ್ನು ಪ್ರಿಂಟ್. ಹೆಸರು, ನಂಬರ್ ಎರಡೂ ಹೀಟ್ ಪ್ರೆಸ್‌ನಲ್ಲಿ ಒತ್ತಿದ್ದು. ನಂಬರ್ ಗಟ್ಟಿ ಇದೆ, ಎರಡೂ ‘1’ ಇದ್ದ ಹಾಗೇ ಇವೆ, ಮಡಿಚಿಟ್ಟ ಕಡೆ ಒಂದು ಸಣ್ಣ ಬಿರುಕಿನ ಗೆರೆ, ಅಷ್ಟೇ. ತೊಂದರೆ ಬಂದಿದ್ದು ಹೆಸರಿನಲ್ಲಿ. ಹತ್ತು ತಿಂಗಳಿಗೆ ಕೊನೆಯ ಅಕ್ಷರ, ಆ ಐ, ಮೂಲೆಯಲ್ಲಿ ಎದ್ದಿತು. ಉಗುರಿನಷ್ಟು. ಮಾರಿದವರಿಗೆ ಫೋಟೊ ತೆಗೆದು ಕಳಿಸಿದೆ. ಪ್ರಿಂಟ್ ಮಾಡಿಸಿದ ಜೆರ್ಸಿಗೆ ವಾಪಸ್ ಇಲ್ಲ, ಬದಲಿ ಇಲ್ಲ ಅಂತ ಉತ್ತರ ಬಂತು. ಎರಡನೇ ಸಲ ಬರೆದೆ, ವಾಪಸ್ ಬೇಡ, ಆ ಒಂದು ಅಕ್ಷರ ಮತ್ತೆ ಒತ್ತಿಕೊಡಿ, ಕೊರಿಯರ್ ಖರ್ಚು ನಾನೇ ಕೊಡ್ತೀನಿ ಅಂದೆ. ಅದಕ್ಕೆ ಉತ್ತರವೇ ಇಲ್ಲ. ಇಲ್ಲಿ ನನಗೆ ಸಿಟ್ಟಿದೆ. ಹೆಸರು ಹಾಕಿಸಲು ಬೇರೆಯಾಗಿ ದುಡ್ಡು ತಗೊಳ್ಳುತ್ತೀರಿ, ಹಾಗಾದರೆ ಹೆಸರಿಗೆ ನೀವೇ ತಾನೇ ಜವಾಬ್ದಾರಿ? ಅದನ್ನು ಬೇಡ ಅಂದುಬಿಟ್ಟರೆ ಹೇಗೆ?

ಅಕ್ಷರವನ್ನು ನಾನೇ ಉಳಿಸಿಕೊಂಡೆ. ಶಾಲೆ ಮಕ್ಕಳ ಸ್ಪೋರ್ಟ್ಸ್ ಡ್ರೆಸ್‌ಗೆ ನಂಬರ್ ಒತ್ತಿಕೊಡುವವರ ಹತ್ತಿರ ತಗೊಂಡು ಹೋದೆ. ಅವರು ಮೇಲೆ ಒಂದು ಬಟರ್ ಪೇಪರ್ ಇಟ್ಟು, ಪ್ರೆಸ್ ಇಳಿಸಿ, ಕೆಲವು ಸೆಕೆಂಡು ಒತ್ತಿ ತೆಗೆದರು. ಆರಿದ ಮೇಲೆ ಬೆರಳಿನಿಂದ ಸವರಿ ನೋಡಿ, ‘ಇನ್ನು ಬಿಸಿನೀರು ತೋರಿಸಬೇಡಿ, ಉಲ್ಟಾ ಮಾಡಿ ಒಗೀರಿ’ ಅಂದರು. ದುಡ್ಡು ತಗೊಳ್ಳಲಿಲ್ಲ. ಅವತ್ತಿನಿಂದ ಅದು ಎದ್ದಿಲ್ಲ. ಮನೆಯ ಇಸ್ತ್ರಿ ಪೆಟ್ಟಿಗೆಯಲ್ಲಿ ನೀವೇ ಮಾಡಲು ಹೋಗಬೇಡಿ, ಬಿಸಿ ಎಲ್ಲ ಕಡೆ ಒಂದೇ ಥರ ಬೀಳಲ್ಲ, ಪಾಲಿಯೆಸ್ಟರ್ ಕರಗಿ ಹೊಳಪು ಕಲೆ ಆಗುತ್ತೆ.

ಅವರು ಹೇಳಿದ್ದಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಜೆರ್ಸಿಯನ್ನು ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ. ಜೀನ್ಸ್ ಜೊತೆ ಮೆಷಿನ್‌ಗೆ ಹಾಕಬೇಡಿ, ಜಿಪ್ ತಾಗಿ ಎಳೆ ಕೀಳುತ್ತೆ, ಪ್ರಿಂಟ್ ಗೀಚಿಹೋಗುತ್ತೆ. ಬಟ್ಟೆ ಘಮಘಮ ಅನ್ನಲಿ ಅಂತ ಹಾಕುವ ಕಂಡಿಷನರ್ ಬೇಡವೇ ಬೇಡ, ಅದು ನೂಲಿನ ಮೇಲೆ ಪದರ ಕಟ್ಟುತ್ತೆ, ಆಮೇಲೆ ಬೆವರು ಹೊರಗೆ ಹೋಗಲ್ಲ, ವಾಸನೆ ಒಳಗೇ ನಿಲ್ಲುತ್ತೆ. ಹಿಂಡಬೇಡಿ. ನೆರಳಲ್ಲಿ ಒಣಗಿಸಿ. ಇಸ್ತ್ರಿ ಬೇಕಾಗಿಲ್ಲ. ಮಡಿಚುವಾಗ ನಂಬರಿನ ಮೇಲೆ ಮಡಿಕೆ ಬೀಳದ ಹಾಗೆ ಮಡಿಚಿ, ಇಲ್ಲಾಂದ್ರೆ ಹ್ಯಾಂಗರ್‌ಗೆ ಹಾಕಿ. ನನ್ನ ಜೆರ್ಸಿಯ ಬಿರುಕಿನ ಗೆರೆ ಬಂದಿದ್ದು ಆ ಮಡಿಕೆಯಿಂದಲೇ.

ಜೆರ್ಸಿ ಎಷ್ಟು ಹಿಗ್ಗುತ್ತೆ ಅಂತ ತಿಳಿಯಬೇಕಾದರೆ ಚೆಟ್ರಿ ಅವರನ್ನೇ ನೋಡಿ. 2023ರ ಜೂನ್ 12, ಭುವನೇಶ್ವರ, ವನುವಾಟು ಮೇಲಿನ ಆಟ. ಗೋಲು ಹೊಡೆದು ಚೆಂಡನ್ನು ಜೆರ್ಸಿ ಒಳಗೆ ತೂರಿಸಿಕೊಂಡು ಓಡಿದರು. ಹೆಂಡತಿ ಗರ್ಭಿಣಿ ಅಂತ ದೇಶಕ್ಕೇ ಹೇಳಿದ ರೀತಿ ಅದು. ಹದಿನೆಂಟು ವರ್ಷದ ಹಿಂದೆ ಅದೇ ಜೂನ್ 12ರಂದು, 2005ರಲ್ಲಿ, ಕ್ವೆಟ್ಟಾದಲ್ಲಿ ಪಾಕಿಸ್ತಾನದ ಮೇಲೆ ಅವರು ದೇಶಕ್ಕೆ ಮೊದಲ ಆಟ ಆಡಿದ್ದು, ಮೊದಲ ಗೋಲು ಹೊಡೆದಿದ್ದು. ಆ ದಿನದ ಬಗ್ಗೆ 2024ರ ನಿವೃತ್ತಿಯ ವಿಡಿಯೊದಲ್ಲಿ ಅವರೇ ಒಂದು ವಿಷಯ ಹೇಳಿದ್ದಾರೆ. ಆಡ್ತೀಯ ಅಂತ ಕೋಚ್ ಹೇಳಿದ ಮೇಲೆ ತಮ್ಮ ಜೆರ್ಸಿ ತಗೊಂಡು ಅದಕ್ಕೆ ಸೆಂಟ್ ಹೊಡೆದರಂತೆ, ಯಾಕೆ ಅಂತ ಅವರಿಗೇ ಗೊತ್ತಿಲ್ಲವಂತೆ. ನನಗೆ ಗೊತ್ತಾಗುತ್ತೆ. ಹಬ್ಬಕ್ಕೆ ಹೊಸ ಬಟ್ಟೆ ಬಂದಾಗ ಮಕ್ಕಳು ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುವುದಿಲ್ಲವೇ, ಹಾಗೆ. ಅಷ್ಟು ದೊಡ್ಡ ಆಟಗಾರ ಒಂದು ಜೆರ್ಸಿಯನ್ನು ಹಾಗೆ ನೋಡಿದ್ದಾರೆ ಅಂದಮೇಲೆ ನಾನು ಅದರ ಅಕ್ಷರಕ್ಕೋಸ್ಕರ ಎರಡು ಸಲ ಪತ್ರ ಬರೆದಿದ್ದರಲ್ಲಿ ಹೆಚ್ಚೇನಿದೆ?

ಗೆದ್ದ ದಿನ ಜೆರ್ಸಿ ಹಾಕಿಕೊಳ್ಳುವುದು ಸುಲಭ. ಆಮೇಲೆ ಬಂದ ದಿನಗಳು ಹಾಗಿರಲಿಲ್ಲ. 2024ರ ಜನವರಿ, ಕತಾರ್‌ನಲ್ಲಿ ಏಷ್ಯನ್ ಕಪ್. ಆಸ್ಟ್ರೇಲಿಯಾ ಮೇಲೆ 0-2, ಉಜ್ಬೇಕಿಸ್ತಾನದ ಮೇಲೆ 0-3, ಸಿರಿಯಾ ಮೇಲೆ 0-1. ಮೂರು ಆಟ, ಒಂದೂ ಗೋಲಿಲ್ಲ. ಮೂರೂ ದಿನ ಹಾಕಿಕೊಂಡಿದ್ದೆ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಮೇಲೆ ಅವರ 150ನೇ ಪಂದ್ಯ, ಪೆನಾಲ್ಟಿಯಲ್ಲಿ ಅವರೇ ಮುನ್ನಡೆ ತಂದುಕೊಟ್ಟರು, ಆದರೂ 1-2 ಸೋತೆವು. ಆ ರಾತ್ರಿ ಊಟ ಸೇರಲಿಲ್ಲ. ಮಾರನೇ ದಿನ ಬೆಳಿಗ್ಗೆ ಅದೇ ಜೆರ್ಸಿ ಹಾಕಿಕೊಂಡು ಹಾಲು ತರಲು ಹೋದಾಗ ಎದುರು ಮನೆ ಹುಡುಗ ‘ಸೋತ್ರಲ್ಲ ಅಕ್ಕ, ಇನ್ನೂ ಹಾಕ್ಕೊಂಡಿದ್ದೀರಾ?’ ಅಂದ. ಸೋತಿದ್ದಕ್ಕೇ ಹಾಕ್ಕೊಂಡಿದ್ದೀನಿ ಪುಟ್ಟ ಅಂದೆ.

ಆಮೇಲೆ ಜೂನ್ 6, ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂ. ಕುವೈತ್ ಮೇಲೆ 0-0. ವಿದಾಯದ ಆಟ. ನಾನು, ಅಣ್ಣ, ಅಮ್ಮ ಮೂವರೂ ಟಿವಿ ಮುಂದೆ. ಒಂದು ಗೋಲು, ಒಂದೇ ಒಂದು ಅಂತ ಕೊನೆಯ ನಿಮಿಷದವರೆಗೂ ಕಾದೆವು, ಆಗಲಿಲ್ಲ. ಆಟ ಮುಗಿದ ಮೇಲೆ ಅವರು ಮೈದಾನದ ಸುತ್ತ ನಡೆದರು, ಕಣ್ಣು ಒರೆಸಿಕೊಳ್ಳುತ್ತಾ, ಗ್ಯಾಲರಿಗೆ ಕೈಮುಗಿಯುತ್ತಾ. 151 ಆಟ, 94 ಗೋಲು. ಅಮ್ಮನಿಗೆ ಆಫ್‌ಸೈಡ್ ಅಂದರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಅವತ್ತು ಅವರು ಏನೂ ಮಾತಾಡದೆ ಕೈ ಚಾಚಿ ನನ್ನ ಬೆನ್ನ ಮೇಲಿನ ನಂಬರ್ ಸವರಿದರು. ಎಷ್ಟೋ ಹೊತ್ತು ಕೈ ಅಲ್ಲೇ ಇತ್ತು.

2025ರ ಮಾರ್ಚ್‌ನಲ್ಲಿ ತಂಡಕ್ಕೆ ಮತ್ತೆ ಬಂದರು. ವಯಸ್ಸಾದವರನ್ನು ಮತ್ತೆ ಯಾಕೆ ಕರೆದರು, ಹುಡುಗರು ಯಾರೂ ಇಲ್ಲವಾ ಅಂತ ಬಹಳ ಜನ ಕೇಳಿದರು. ಆ ಪ್ರಶ್ನೆ ಸರಿಯಾದದ್ದೇ, ಅದು ನನ್ನನ್ನೂ ಕಾಡುತ್ತೆ. ಗೋಲು ಹೊಡೆಯುವ ಇನ್ನೊಬ್ಬರನ್ನು ಇಷ್ಟು ವರ್ಷದಲ್ಲಿ ತಯಾರು ಮಾಡಿಕೊಳ್ಳಲಿಲ್ಲ ಅನ್ನುವುದು ನಿಜ. ಆದರೆ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಲಿಸ್ಟನ್ ಕೊಲಾಸೊ ಹಾಕಿದ ಚೆಂಡಿಗೆ ತಲೆ ಕೊಟ್ಟು ಗೋಲು ಹೊಡೆದಾಗ, 95ನೆಯದು, ನಾನು ಜಿಗಿದ ರಭಸಕ್ಕೆ ಭುಜದ ಹೊಲಿಗೆ ಕಿರ್ ಅಂದಿತು. ಹರಿಯಲಿಲ್ಲ. ಹೊಲಿಗೆಗೆ ಪೂರ್ತಿ ಅಂಕ. ಆ ವರ್ಷದ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಮೇಲೆ 1-2 ಸೋತು ಏಷ್ಯನ್ ಕಪ್ಪಿಗೆ ಹೋಗುವ ದಾರಿಯೂ ಮುಚ್ಚಿತು.

ಈಗ 11 ಹಾಕಿಸಬೇಕಾ, ಹೊಸ ಹುಡುಗರ ಹೆಸರು ಹಾಕಿಸಬೇಕಾ ಅಂತ ಕೇಳುವವರಿಗೆ: ನೀವು ಯಾರ ಆಟ ನೋಡಲು ಕೂರುತ್ತೀರೋ ಅವರದ್ದು ಹಾಕಿಸಿ. ಚಾಂಗ್ಟೆ, ಬ್ರಾಂಡನ್, ಗುರುಪ್ರೀತ್ ಯಾರದ್ದಾದರೂ ಸರಿ. ಬೀದಿಯಲ್ಲಿ ಆ ನೀಲಿ ಕಂಡಷ್ಟೂ ಅಂಗಡಿಯವರು ತರಿಸುತ್ತಾರೆ. ಖಾಲಿ ಬೆನ್ನಿನ ಜೆರ್ಸಿ ಮಾತ್ರ ತಗೊಳ್ಳಬೇಡಿ ಅಂತೀನಿ, ಜನ ಅದನ್ನು ಕ್ರಿಕೆಟ್ ಅಂದುಕೊಂಡು ಸುಮ್ಮನಾಗುತ್ತಾರೆ. ಹೆಸರಿದ್ದರೆ ಕೇಳುತ್ತಾರೆ, ಕೇಳಿದರೆ ಹೇಳಬಹುದು.

ಬಟ್ಟೆಗೆ ಐದಕ್ಕೆ ಐದು. ಹೊಲಿಗೆಗೂ ಹಾಗೇ, ಆ ತೋಳಿನ ಅಂಚು ಬಿಟ್ಟರೆ. ಅಳತೆಗೆ ಮೂರು. ಪ್ರಿಂಟಿಗೆ ನಾಲ್ಕು, ಮಾರಿದವರ ಉತ್ತರಕ್ಕೆ ಒಂದೂ ಕೊಡಲ್ಲ. ಆದರೂ ಇನ್ನೊಂದು ತರಿಸುತ್ತಿದ್ದೇನೆ, ಈ ಸಲ ಬೇರೆ ಕಡೆಯಿಂದ, ಅಣ್ಣನಿಗೆ. ಮೀಡಿಯಂ, ಬೆನ್ನ ಮೇಲೆ 11. ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದು ಕಳಿಸಿದ್ದೇನೆ. ಪಾರ್ಸೆಲ್ ಬಂದ ಕೂಡಲೇ ಎಣಿಸಿ ನೋಡುತ್ತೇನೆ, ಏಳು ಅಕ್ಷರ, ಎರಡು ಎಚ್.